ತರಗತಿಯ ಗೋಡೆ ತುಂಬಾ ಚಾರ್ಟ್ ಅಂಟಿಸಿದರೆ ಮಕ್ಕಳ ಕಲಿಕೆಗೆ ಅನುಕೂಲವೇ?

ಅತಿಯಾದರೆ ತೊಂದರೆಯೇ ಹೆಚ್ಚು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲಂಕಾರ ತುಂಬಿದ ಕೋಣೆಯಲ್ಲಿ ಪಾಠ ಕೇಳಿದ ಪುಟ್ಟ ಮಕ್ಕಳ ಸರಿ ಉತ್ತರ ಸರಾಸರಿ ಶೇ 42. ಅದೇ ಮಕ್ಕಳದು ಖಾಲಿ ಗೋಡೆಯ ಕೋಣೆಯಲ್ಲಿ ಶೇ 55. ಕಣ್ಣಿಗೆ ಬಿದ್ದದ್ದನ್ನು ಬದಿಗಿಟ್ಟು ಕೇಳುವುದು ಆ ವಯಸ್ಸಿಗೆ ಕಷ್ಟ.

ಹಾಗಂತ ಎಲ್ಲವನ್ನೂ ಕಿತ್ತುಹಾಕಬೇಕಿಲ್ಲ. ಕಪ್ಪುಹಲಗೆಯ ಅಕ್ಕಪಕ್ಕ ಖಾಲಿ ಬಿಡಿ. ಸದ್ಯದ ಪಾಠದ ಚಾರ್ಟ್ ಮಾತ್ರ ಇರಲಿ, ಮುಗಿದ ಮೇಲೆ ತೆಗೆಯಿರಿ. ಮಕ್ಕಳು ಬಿಡಿಸಿದ ಚಿತ್ರಗಳಿಗೆ ಹಿಂದಿನ ಗೋಡೆ ಸಾಕು. ಕಿಟಕಿ ಗಾಜಿಗಂತೂ ಏನನ್ನೂ ಅಂಟಿಸಬೇಡಿ (ಜಾಗ ಸಾಲದಾದಾಗ ಮೊದಲು ಕೈ ಹೋಗುವುದೇ ಅಲ್ಲಿಗೆ), ಬೆಳಕು ಕಮ್ಮಿಯಾಗುತ್ತದೆ. ಹಲಗೆಯ ಮೇಲೆ ಬಿಸಿಲು ಹೊಳೆದರೆ ತುದಿಯಲ್ಲಿ ಕೂತವರಿಗೆ ಅಕ್ಷರವೇ ಕಾಣದು. ಅವರ ಬೆಂಚಿನಲ್ಲೇ ಕೂತು ಪರೀಕ್ಷಿಸಿ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ, ಎದುರುಬದುರು ಕಿಟಕಿ ತೆರೆದಿಡಿ.