ವಿಡಿಯೊ ಗೇಮ್ ಬರಹಗಳಲ್ಲಿ ಹೆಚ್ಚಾಗಿ ತಪ್ಪಾಗಿ ಬಳಕೆಯಾಗುವ ಪದಗಳು ಯಾವುವು?

ನನ್ನ ಮಟ್ಟಿಗೆ ಮೊದಲ ಸ್ಥಾನ ‘ಲ್ಯಾಗ್’ ಪದಕ್ಕೆ. ಆಟಗಾರ ಗುಂಡಿ ಒತ್ತಿದ ಕ್ಷಣಕ್ಕೂ ಅದರ ಪರಿಣಾಮ ತೆರೆಯ ಮೇಲೆ ಕಾಣುವ ಕ್ಷಣಕ್ಕೂ ನಡುವಿನ ವಿಳಂಬವೇ ಲ್ಯಾಗ್. ಆನ್‌ಲೈನ್ ಆಟಗಳಲ್ಲಿ ಸರ್ವರ್‌ಗೆ ಸಂದೇಶ ಹೋಗಿ ಮರಳಲು ತಗಲುವ ಸಮಯ, ಅಂದರೆ ಪಿಂಗ್, ಇದಕ್ಕೆ ಮುಖ್ಯ ಕಾರಣ. ಸೆಕೆಂಡಿಗೆ 60 ಫ್ರೇಮ್, ಅಂದರೆ ಬಿಡಿ ಚಿತ್ರಗಳನ್ನು, ತೋರಿಸಬೇಕಾದ ಆಟದಲ್ಲಿ ಪ್ರತಿ ಫ್ರೇಮ್ ಸುಮಾರು 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಹೊಗೆ, ಸ್ಫೋಟ ತುಂಬಿದ ದೃಶ್ಯದಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಅದು ಸಾಧ್ಯವಾಗದೆ ಆಟ ತಡವರಿಸಿದರೆ, ಅದನ್ನು ಲ್ಯಾಗ್ ಎನ್ನದೆ ಫ್ರೇಮ್ ರೇಟ್ ಕುಸಿತವೆನ್ನಬೇಕು. ಇಂಟರ್ನೆಟ್ಟನ್ನು ದೂರಿ ಫಲವಿಲ್ಲ. ಹೊಸ ರೌಟರ್ ಕೊಂಡರೂ (ಪಾಪ, ಕೊಳ್ಳುವವರಿದ್ದಾರೆ) ತೊಂದರೆ ತಪ್ಪದು, ಆಟದ ಸೆಟ್ಟಿಂಗ್‌ಗಳಲ್ಲಿ ನೆರಳಿನ ಗುಣಮಟ್ಟವನ್ನು ಒಂದು ಹಂತ ಇಳಿಸಿದರೆ ತಪ್ಪೀತು.

‘ರಿಮಾಸ್ಟರ್’ ಮತ್ತು ‘ರಿಮೇಕ್’ ಪದಗಳದ್ದೂ ಇದೇ ಪಾಡು: 1998ರ ಆಟವನ್ನು ಹೊಸದಾಗಿಯೇ ಕಟ್ಟಿದ 2019ರ ‘ರೆಸಿಡೆಂಟ್ ಈವಿಲ್ 2’ ರಿಮೇಕ್, ಹಳೆಯ ಆಟವನ್ನೇ ಉಳಿಸಿಕೊಂಡು ಚಿತ್ರ, ಧ್ವನಿಗಳನ್ನಷ್ಟೇ ತಿದ್ದಿದರೆ ಅದು ರಿಮಾಸ್ಟರ್.