ಕ್ಲೋವರ್ ಇದ್ದ ಮೇಲೆ ಯೂರಿಯಾ ಯಾಕೆ?

ಪ್ರಶ್ನೆ: ನನ್ನ ಮಗ ನ್ಯೂಜಿಲೆಂಡಿನ ವೈಕಾಟೊದಲ್ಲಿ ಡೈರಿ ಫಾರ್ಮ್ ಕೆಲಸಕ್ಕಿದ್ದಾನೆ. ಅಲ್ಲಿ ಹುಲ್ಲಿನ ನಡುವೆ ಕ್ಲೋವರ್ ಅಂತ ಮೂರೆಲೆಯ ಗಿಡ ಹಬ್ಬಿರುತ್ತದಂತೆ, ಅದೇ ನೆಲಕ್ಕೆ ಗೊಬ್ಬರ ಕೊಡುತ್ತದಂತೆ. ಆದರೂ ಮಾಲೀಕರು ಯೂರಿಯಾ ಹಾಕಿಸುತ್ತಾರೆ. ಇದ್ಯಾವ ಲೆಕ್ಕ? ಬೀಜ ತರಿಸಿ ನಮ್ಮ ಎರಡು ಹಸುಗಳಿಗೆ ಬೆಳೆಯಬಹುದಾ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಒಳ್ಳೆಯ ಅನುಮಾನ ಅಮ್ಮ. ನಾನೂ ಅದೇ ವೈಕಾಟೊದ ಹ್ಯಾಮಿಲ್ಟನ್ ಊರಿನ ಹತ್ತಿರದ ಒಂದು ಫಾರ್ಮ್‌ನಲ್ಲಿ ಎರಡು ವರ್ಷ ದುಡಿದವನು. ಮೊದಲ ವಾರವೇ ಇದನ್ನು ಕೇಳಿ ನಗೆಪಾಟಲಾಗಿದ್ದೆ.

ಕ್ಲೋವರ್ ನಮ್ಮ ಅಲಸಂದೆ, ಹುರುಳಿಯ ಬಳಗದ್ದು. ಬೇರಿನ ತುಂಬ ರಾಗಿ ಕಾಳಿನಂಥ ಗಂಟುಗಳು. ಒಳಗಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಒಣಗಿಸಿ ತೂಗಿದರೆ ಒಂದು ಟನ್ ಆಗುವಷ್ಟು ಕ್ಲೋವರ್ ಬೆಳೆದರೆ ಸುಮಾರು 25 ಕಿಲೋ ಸಾರಜನಕ ಗಾಳಿಯಿಂದ ಬಂದಿರುತ್ತದೆ. ನಮ್ಮ 45 ಕಿಲೋ ಯೂರಿಯಾ ಚೀಲದಲ್ಲಿರುವುದು 21 ಕಿಲೋಗೂ ಸ್ವಲ್ಪ ಕಮ್ಮಿ! ಆದರೆ ಇದು ಪಕ್ಕದ ಹುಲ್ಲಿಗೆ ನೇರವಾಗಿ ಸಿಗುವುದು ಕಡಿಮೆ. ಬೇರು, ಎಲೆ ಕೊಳೆಯಬೇಕು, ಇಲ್ಲವೇ ಹಸು ಮೇಯ್ದು ಸಗಣಿ-ಗಂಜಲದಲ್ಲಿ ಬಿಡಬೇಕು.

ಗಂಜಲದ್ದೇ ಒಂದು ಕಥೆ. ಬೆಳಿಗ್ಗೆ ಹಸುಗಳನ್ನು ಹೊಡೆದುಕೊಂಡು ಹೋಗುವಾಗ ಹಸಿರಿನ ಮಧ್ಯೆ ಇನ್ನೂ ಕಡು ಹಸಿರಿನ ತಟ್ಟೆಗಳು ಕಾಣುತ್ತಿದ್ದವು. ಹಸು ಹೊಯ್ದ ಜಾಗಗಳವು. ಅಲ್ಲಿ ಹುಲ್ಲು ಮೊಣಕಾಲುದ್ದ, ಕ್ಲೋವರ್ ಹುಡುಕಬೇಕು. ಯಾಕೆಂದರೆ ಈ ಗಿಡ ಬಲು ಜಾಣ. ಮಣ್ಣಲ್ಲೇ ಸಾರಜನಕ ಸಿಕ್ಕರೆ ಸುಮ್ನೆ ಯಾಕೆ ಸಕ್ಕರೆ ಖರ್ಚು ಮಾಡಲಿ ಅಂತ ಅದನ್ನೇ ಹೀರುತ್ತದೆ, ಗಂಟಿನ ಕೆಲಸ ತಗ್ಗುತ್ತದೆ. ಎತ್ತರ ಬೆಳೆದ ಹುಲ್ಲಿನ ನೆರಳಲ್ಲಿ ಸೊರಗುತ್ತದೆ ಕೂಡ. ಯೂರಿಯಾ ಹಾಕಿದಾಗಲೂ ಹೀಗೇ. ಹಾಕಿದ್ದರಲ್ಲಿ ಒಂದು ಪಾಲು, ಕ್ಲೋವರ್ ಪುಕ್ಕಟೆ ತರುತ್ತಿದ್ದುದರ ಬದಲಿಗೆ ಹೋಗುತ್ತದೆ.

ಮತ್ತೆ ಯಾಕೆ ಹಾಕುತ್ತಾರೆ? ಅಲ್ಲಿ ಹಸುಗಳು ಕರು ಹಾಕುವುದು ಜುಲೈ-ಆಗಸ್ಟ್‌ನಲ್ಲಿ, ಅಲ್ಲಿನ ಚಳಿಗಾಲ ಮುಗಿಯುವಾಗ. ಹಸಿವು ಜಾಸ್ತಿ. ರೈಗ್ರಾಸ್ ಹುಲ್ಲು ಆಗಲೇ ಎದ್ದಿರುತ್ತದೆ, ಕ್ಲೋವರ್‌ಗೆ ಮಾತ್ರ ನೆಲ ಬೆಚ್ಚಗಾಗಬೇಕು. ಆ ಕೆಲವು ವಾರಕ್ಕೆ ಯೂರಿಯಾ ಬೇಕು ಅನ್ನುವುದನ್ನು ಒಪ್ಪುತ್ತೇನೆ. ವರ್ಷವಿಡೀ ಸುರಿಯುವುದನ್ನು ಒಪ್ಪುವುದಿಲ್ಲ. 2021ರ ಜುಲೈಯಿಂದ ಅಲ್ಲಿನ ಸರ್ಕಾರವೂ ಮೇಯಿಸುವ ನೆಲಕ್ಕೆ, ವರ್ಷಕ್ಕೆ ಹೆಕ್ಟೇರಿಗೆ 190 ಕಿಲೋ ಸಾರಜನಕ ಅಂತ ರಾಸಾಯನಿಕ ಗೊಬ್ಬರಕ್ಕೆ ಮಿತಿ ಹಾಕಿದೆ.

ಬೀಜ ತರಿಸುವುದು ಬೇಡ. ಬಿಳಿ ಕ್ಲೋವರ್‌ಗೆ ತಂಪು, ತೇವ ಬೇಕು. ಅರಸೀಕೆರೆಯ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಮೇವಿನ ಜೋಳದ ಜೊತೆ ಅಲಸಂದೆ ಹಾಕಿ. ಹಸಿ ಅಲಸಂದೆಯನ್ನೇ ಹೊಟ್ಟೆತುಂಬ ಹಾಕಬೇಡಿ, ಹುಲ್ಲು ಬೆರೆಸಿ ಕೊಡಿ. ಹೊಟ್ಟೆಯುಬ್ಬರಿಸಿ ಒಂದು ಹಸು ನನ್ನ ಕಣ್ಣೆದುರೇ ಸತ್ತಿತ್ತು, ಕ್ಲೋವರ್ ಮೇಯ್ದು.

ಮಗನಿಗೆ ಒಂದು ಕೆಲಸ ಹೇಳಿ. ಗಂಜಲದ ತಟ್ಟೆಯಿಂದ ಒಂದು ಕ್ಲೋವರ್, ಹೊರಗಿನಿಂದ ಒಂದು ಕಿತ್ತು, ಬೇರಿನ ಗಂಟುಗಳನ್ನು ಉಗುರಲ್ಲಿ ಸೀಳಿ ನೋಡಲಿ. ಕೆಲಸ ಮಾಡುತ್ತಿರುವ ಗಂಟಾದರೆ ಒಳಗೆ ಗುಲಾಬಿ ಬಣ್ಣ ಇರುತ್ತದೆ.