ನಿಮ್ಮ ಪಾಲಿನ ಪ್ರವಾಸವನ್ನು ಯಾರು ಮಾಡಿದರು?

ಓದುಗರ ಪತ್ರ

ಮಾನ್ಯರೇ, ಕಳೆದ ಸಂಚಿಕೆಯ ಪ್ರವಾಸೋದ್ಯಮ ಲೇಖನದಲ್ಲಿ 2023ರಲ್ಲಿ ಭಾರತದಲ್ಲಿ 250 ಕೋಟಿ ದೇಶೀಯ ಪ್ರವಾಸಿ ಭೇಟಿಗಳು ನಡೆದವು ಎಂದಿದೆ. ದೇಶದ ಜನಸಂಖ್ಯೆಯೇ ಸುಮಾರು 140 ಕೋಟಿ. ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ಮುದುಕರವರೆಗೆ ತಲೆಗೆ ಎರಡರ ಹತ್ತಿರ ಬಂತು. ನಾನು, ನನ್ನ ಶ್ರೀಮತಿ ಆ ವರ್ಷ ಊರು ಬಿಟ್ಟು ಕದಲಲಿಲ್ಲ. ನಮ್ಮ ಪಾಲನ್ನು ಯಾರು ಸುತ್ತಿದರು? ಅದೇ ಪುಟದಲ್ಲಿ ವಿದೇಶಿಯರು 95 ಲಕ್ಷ ಎಂದು ಒಂದು ಕಡೆ, ಅಂತರರಾಷ್ಟ್ರೀಯ ಆಗಮನ 1.89 ಕೋಟಿ ಎಂದು ಇನ್ನೊಂದು ಕಡೆ ಇದೆ. ಅಮೆರಿಕದಲ್ಲಿರುವ ನನ್ನ ಮಗ ವರ್ಷಕ್ಕೊಮ್ಮೆ ಬರುತ್ತಾನೆ. ಅವನು ಯಾವ ಲೆಕ್ಕದವನು? ಥಾಯ್ಲೆಂಡ್‌ಗೆ ನಮ್ಮ ಮೂರು ಪಟ್ಟು ಜನ ಬರುತ್ತಾರೆಂಬುದು ನಿಜವೇ? ಇಂಥ ಅಂಕಿಗಳನ್ನು ಅಚ್ಚು ಹಾಕುವುದನ್ನೇ ನಿಲ್ಲಿಸಬಾರದೇ?
— ಒಬ್ಬ ನಿವೃತ್ತ ಗಣಿತ ಶಿಕ್ಷಕ, ಹಾಸನ

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪಾಲನ್ನು ಸುತ್ತಿದವರು ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ, ಶೃಂಗೇರಿಗಳನ್ನು ಒಂದೇ ವಾರಾಂತ್ಯದಲ್ಲಿ ಮುಗಿಸಿ ಬಂದ ನಿಮ್ಮ ಬೀದಿಯ ಇನ್ನಾವುದೋ ಕುಟುಂಬದವರು. 250 ಕೋಟಿ ಎಂಬುದು ಜನರ ಎಣಿಕೆಯಲ್ಲ, ಭೇಟಿಗಳ ಎಣಿಕೆ. ನಾಲ್ವರ ಕುಟುಂಬ ಮೂರು ಕ್ಷೇತ್ರಗಳಿಗೆ ಹೋದರೆ ಪುಸ್ತಕದಲ್ಲಿ ಹನ್ನೆರಡು ಏರಬಹುದು. ನಿಮ್ಮ ಭಾಗಾಕಾರ ಸರಿಯಾಗಿದೆ, ಭಾಜ್ಯದಲ್ಲಿ ಇರುವುದು ಮಾತ್ರ ಮನುಷ್ಯರಲ್ಲ.

ಆದರೆ ಇಷ್ಟು ಹೇಳಿ ನಿಮ್ಮಿಂದ ತಪ್ಪಿಸಿಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ನಿಮ್ಮ ಸಂಶಯದ ಬೇರು ಇನ್ನೂ ಆಳದಲ್ಲಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ದೇಶೀಯ ಪ್ರವಾಸಿಗೆ ಕೊಟ್ಟಿರುವ ವ್ಯಾಖ್ಯೆಯನ್ನೇ ನೋಡಿ. ತನ್ನ ಊರು ಬಿಟ್ಟು ಹೋಗಿ ಹೋಟೆಲಿನಲ್ಲೋ ಧರ್ಮಶಾಲೆಯಲ್ಲೋ ಛತ್ರದಲ್ಲೋ ಕನಿಷ್ಠ ಒಂದು ರಾತ್ರಿ ಅಥವಾ 24 ಗಂಟೆ ತಂಗಿದವನು ಪ್ರವಾಸಿ. ಸ್ವಂತ ಊರಿಗೆ ರಜೆಗೆಂದು ಹೋಗಿ ತನ್ನ ಮನೆಯಲ್ಲೋ ನೆಂಟರ ಮನೆಯಲ್ಲೋ ಉಳಿದು, ಊರು ನೋಡಲು ಹೋಗದೆ ಮರಳಿದವನು ಪ್ರವಾಸಿಯಲ್ಲ. ನಮ್ಮ ಜನ ನಿಜವಾಗಿ ಏಕೆ ಪ್ರಯಾಣ ಮಾಡುತ್ತಾರೆಂದು ಯೋಚಿಸಿ. ಮದುವೆ, ನಾಮಕರಣ, ತಿಥಿ, ಊರ ಜಾತ್ರೆ, ಮಗಳ ಬಾಣಂತನ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳಿದಾಗಲೂ ರಾತ್ರಿ ತಂಗುವ ಪ್ರಯಾಣಗಳಲ್ಲಿ ಇಂಥ ಸಾಮಾಜಿಕ ಕಾರಣದವೇ ಮುಂದಿದ್ದವು. ಅವುಗಳಲ್ಲಿ ಬಹುಪಾಲು 250 ಕೋಟಿಯ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ.

ಹಾಗಾದರೆ ಉಳಿದದ್ದು ಬರೀ ಹೋಟೆಲು, ಛತ್ರಗಳಲ್ಲಿ ತಂಗಿದವರ ಲೆಕ್ಕವೇ? ಇಲ್ಲಿ ನಿಮ್ಮ ಗಣಿತ ಇನ್ನೊಮ್ಮೆ ಬೇಕು. 2023ರಲ್ಲಿ ಕರ್ನಾಟಕ ತೋರಿಸಿದ್ದು 28.4 ಕೋಟಿ ಭೇಟಿ. ಉತ್ತರ ಪ್ರದೇಶ 47.8 ಕೋಟಿಯೊಂದಿಗೆ ಮೊದಲು, ತಮಿಳುನಾಡು 28.6 ಕೋಟಿಯೊಂದಿಗೆ ಎರಡನೆಯದು, ನಾವು ಕೂದಲೆಳೆಯಲ್ಲಿ ಮೂರನೆಯವರು. 28.4 ಕೋಟಿಯನ್ನು 365ರಿಂದ ಭಾಗಿಸಿ. ದಿನಕ್ಕೆ ಸುಮಾರು 7.8 ಲಕ್ಷ. ಆಷಾಢದ ಜಡಿಮಳೆಯ ಮಂಗಳವಾರವೂ ಸೇರಿದಂತೆ ವರ್ಷದ ಪ್ರತಿ ರಾತ್ರಿ, ಪ್ರತಿ ಭೇಟಿಗೆ ಒಂದೇ ರಾತ್ರಿ ಎಂದಿಟ್ಟುಕೊಂಡರೂ, ಈ ರಾಜ್ಯದ ಹೋಟೆಲು, ಛತ್ರ, ಹೋಂಸ್ಟೇಗಳಲ್ಲಿ 7.8 ಲಕ್ಷ ಜನ ಮಲಗಿರಬೇಕು. ನಾನಂತೂ ಇದನ್ನು ನಂಬುವುದಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ, ದರ್ಶನ ಮುಗಿಸಿ, ದೇವಸ್ಥಾನದ ಊಟ ಮಾಡಿ, ಸಂಜೆ ಮನೆ ಸೇರಿದವರು ಈ ಲೆಕ್ಕದಲ್ಲಿ ಧಾರಾಳವಾಗಿ ಇದ್ದಾರೆ ಎಂದೇ ನನ್ನ ತೀರ್ಮಾನ. 2023ರ ಜೂನ್ 11ರಿಂದ ನಮ್ಮಲ್ಲಿ ಶಕ್ತಿ ಯೋಜನೆ ಬಂದಿದೆ. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಆ ವರ್ಷ ಕ್ಷೇತ್ರಗಳ ಕ್ಯೂ ಉದ್ದವಾದದ್ದನ್ನು ನೀವೂ ಕಂಡಿರುತ್ತೀರಿ. ಅದು ಒಳ್ಳೆಯ ಸುದ್ದಿಯೇ. ಹೆಂಗಸರು ಮನೆಯಿಂದ ಹೊರಬಿದ್ದು ನಾಲ್ಕು ಊರು ನೋಡಿದರೆ ಅದಕ್ಕಿಂತ ಬೇರೇನು ಬೇಕು. ಆದರೆ ಅದು ಹೋಟೆಲಿನ ಕೋಣೆ ತುಂಬಿದ ಸುದ್ದಿಯಲ್ಲ.

ಈ ಅಂಕಿಗಳು ಹುಟ್ಟುವ ಬಗೆ ಇನ್ನೂ ಕುತೂಹಲದ್ದು. ದೇಶೀಯ ಭೇಟಿಗಳನ್ನು ದೆಹಲಿಯ ಸಚಿವಾಲಯ ಎಣಿಸುವುದಿಲ್ಲ. ಆಯಾ ರಾಜ್ಯದ ಪ್ರವಾಸೋದ್ಯಮ ಇಲಾಖೆ ಕಳಿಸಿದ್ದನ್ನು ಕೂಡಿಸುತ್ತದೆ. ಎಣಿಸುವ ಕ್ರಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಯಾವುದಾದರೂ ರಾಜ್ಯ ಅಂಕಿ ಕೊಡದಿದ್ದರೆ ಅಖಿಲ ಭಾರತದ ಬೆಳವಣಿಗೆ ದರ ಹಾಕಿ ಅಂದಾಜು ಮಾಡಿದ್ದೂ ಉಂಟು. ಸಚಿವಾಲಯ ಇದನ್ನು ಮುಚ್ಚಿಡುವುದಿಲ್ಲ, ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಹೇಳುತ್ತದೆ. ಆದರೆ ಅಡಿಟಿಪ್ಪಣಿ ಓದಿ ಭಾಷಣ ಮಾಡಿದ ಮಂತ್ರಿಯನ್ನು ನಾನು ಇನ್ನೂ ಕಂಡಿಲ್ಲ.

ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ ಪುರಾತತ್ವ ಇಲಾಖೆಯ ಟಿಕೆಟ್ ಇದೆ, ಆದ್ದರಿಂದ ಅಲ್ಲಿಗೊಂದು ಖಚಿತವಾದ ಎಣಿಕೆ ಸಿಗುತ್ತದೆ. ಬೇಲೂರಿನಲ್ಲಿ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ, ಟಿಕೆಟ್ ಇಲ್ಲ. ಅಲ್ಲಿ ಎಷ್ಟು ಜನ ಬಂದರೆಂದರೆ ಯಾರಾದರೂ ಅಂದಾಜಿಸಿಯೇ ಹೇಳಬೇಕು. ಹಂಪಿಯದೂ ಅದೇ ಕಥೆ. ವಿಜಯ ವಿಠ್ಠಲ ದೇವಾಲಯಕ್ಕೆ, ಆನೆಲಾಯದ ಆವರಣಕ್ಕೆ ಟಿಕೆಟ್ ಉಂಟು. ಹದಿನೈದರೊಳಗಿನ ಮಕ್ಕಳಿಗೆ ಅದೂ ಬೇಡ. ವಿರೂಪಾಕ್ಷನ ದರ್ಶನ ಮಾಡಿ, ತುಂಗಭದ್ರೆಯಲ್ಲಿ ಮುಳುಗೆದ್ದು ಹೋದವರು ಇಲಾಖೆಯ ಟಿಕೆಟ್ ಲೆಕ್ಕಕ್ಕೆ ಸಿಗುವುದಿಲ್ಲ. ದೇವರನ್ನು ನೋಡಲು ಬಂದವರು ಅಂದಾಜಿಗೆ, ಕಲ್ಲನ್ನು ನೋಡಲು ಬಂದವರು ಲೆಕ್ಕಕ್ಕೆ ಎಂಬಂತಾಗಿದೆ. 250 ಕೋಟಿಯಲ್ಲಿ ದೇವರ ಪಾಲು ದೊಡ್ಡದು, ಹಾಗಾಗಿ ಅಂದಾಜಿನ ಪಾಲೂ ದೊಡ್ಡದು. ಪ್ರಯಾಗರಾಜದ 2025ರ ಮಹಾಕುಂಭದಲ್ಲಿ 45 ದಿನಗಳಲ್ಲಿ 66 ಕೋಟಿ ಜನ ಮಿಂದರೆಂದು ಉತ್ತರ ಪ್ರದೇಶ ಸರ್ಕಾರ ಹೇಳಿತು. ಮೂರು ದಿನ ಉಳಿದು ಮೂರು ಸಲ ಮುಳುಗಿದವರು ಅಲ್ಲಿ ಎಷ್ಟು ಜನವಾಗಿ ಎದ್ದರೋ ಗಂಗಾಮಾತೆಯೇ ಬಲ್ಲಳು.

ಇನ್ನು ನಿಮ್ಮ ಮಗನ ವಿಚಾರ. ಅವರ ಬಳಿ ಇರುವುದು ಭಾರತದ ಪಾಸ್‌ಪೋರ್ಟೋ ಅಮೆರಿಕದ್ದೋ ನೀವು ಬರೆದಿಲ್ಲ. ಉತ್ತರ ನಿಂತಿರುವುದು ಅದರ ಮೇಲೆಯೇ. ಅಮೆರಿಕದ ಪೌರತ್ವ ಪಡೆದಿದ್ದರೆ ಅವರು ವಿದೇಶಿ ಪ್ರವಾಸಿ, ಅಂದರೆ 95 ಲಕ್ಷದಲ್ಲಿ ಒಬ್ಬರು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಅನಿವಾಸಿ ಭಾರತೀಯ. ಆಗ 95 ಲಕ್ಷದಲ್ಲಿ ಇಲ್ಲ, 1.89 ಕೋಟಿಯಲ್ಲಿ ಇದ್ದಾರೆ. ನಿಮ್ಮ ಗೊಂದಲಕ್ಕೆ ಕಾರಣವಾದ ಎರಡು ಅಂಕಿಗಳ ವ್ಯತ್ಯಾಸ ಇಷ್ಟೇ: ಎರಡನೆಯದು ವಿದೇಶಿಯರು ಮತ್ತು ಅನಿವಾಸಿಗಳನ್ನು ಕೂಡಿಸಿದ ಮೊತ್ತ. ಈ ಕೂಡಿಸುವ ಕ್ರಮ 2014ರ ಅಂಕಿಗಳಿಂದ ಜಾರಿಗೆ ಬಂತು. ಆ ವರ್ಷ ಬಂದ ವಿದೇಶಿಯರು 76.8 ಲಕ್ಷ, ಜಗತ್ತಿನಲ್ಲಿ ನಮ್ಮ ಸ್ಥಾನ 41. ಅನಿವಾಸಿಗಳನ್ನು ಸೇರಿಸಿದಾಗ 1.31 ಕೋಟಿಯಾಯಿತು, ಸ್ಥಾನ 24ಕ್ಕೆ ಏರಿತು. ಒಂದು ಹೊಸ ರಸ್ತೆ, ಒಂದು ಹೊಸ ಶೌಚಾಲಯ ಕಟ್ಟದೆ ಹದಿನೇಳು ದೇಶಗಳನ್ನು ದಾಟಿದೆವು. ಇದನ್ನು ಮೋಸವೆನ್ನಲಾರೆ, ಅಂತರರಾಷ್ಟ್ರೀಯ ನಿಯಮ ಹೇಳುವುದೂ ಅದನ್ನೇ: ಪಾಸ್‌ಪೋರ್ಟ್ ಯಾವುದೆಂಬುದು ಮುಖ್ಯವಲ್ಲ, ವಾಸ ಎಲ್ಲಿ ಎಂಬುದು ಮುಖ್ಯ.

ಪಾಸ್‌ಪೋರ್ಟ್ ಯಾವುದಾದರೂ ನಿಮ್ಮ ಮಗ ಬರುವುದು ತಾಜ್ ಮಹಲ್ ನೋಡಲಿಕ್ಕಲ್ಲ, ಅಮ್ಮನ ಕೈಯಡುಗೆ ಉಣ್ಣಲು. 2023ರಲ್ಲಿ ಬಂದ ವಿದೇಶಿಯರಲ್ಲೇ ಕಾಲು ಭಾಗಕ್ಕೂ ಹೆಚ್ಚು ಜನ ಹೀಗೆ ಭಾರತೀಯ ಮೂಲದವರಾಗಿ ನೆಂಟರಿಷ್ಟರ ಬಳಿಗೆ ಬಂದವರು. ಜಾಹೀರಾತು ಫಲಕ ಹಾಕಿ ಇವರನ್ನು ಕರೆಸಬೇಕಾಗಿಲ್ಲ, ಹಾಕದಿದ್ದರೂ ಬರುತ್ತಾರೆ. ಆ ವರ್ಷ ಅತಿ ಹೆಚ್ಚು ಜನ ಬಂದದ್ದು ಬಾಂಗ್ಲಾದೇಶದಿಂದ, 21 ಲಕ್ಷದಷ್ಟು. ಅವರಲ್ಲಿ ಕೋಲ್ಕತ್ತ, ಚೆನ್ನೈ, ವೆಲ್ಲೂರುಗಳ ಆಸ್ಪತ್ರೆಗೆಂದು ಬರುವವರು ಬಹಳ. 2024ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರ ಉರುಳಿ ವೀಸಾ ಬಿಗಿಯಾದದ್ದೇ ತಡ, ಆ ವರ್ಷದ ಸಂಖ್ಯೆ ಹದಿನೇಳು ಲಕ್ಷದ ಆಸುಪಾಸಿಗೆ ಇಳಿಯಿತು, ಅಮೆರಿಕ ಮೊದಲನೆಯದಾಯಿತು. ನಮ್ಮ ಕೋಟೆ ಕಡಲುಗಳಲ್ಲಿ ಏನೂ ಬದಲಾಗಿರಲಿಲ್ಲ.

ವಿದೇಶಿಯರ ಈ ಎಣಿಕೆಯೇ ನಮ್ಮಲ್ಲಿರುವ ಗಟ್ಟಿ ಅಂಕಿ. ವಲಸೆ ಅಧಿಕಾರಿಯ ಮುಂದೆ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳದೆ ಅದರಲ್ಲಿ ಯಾರೂ ಸೇರುವುದಿಲ್ಲ. ಆ ಗಟ್ಟಿ ಅಂಕಿ ಹೇಳುವುದೇನು? 2019ರಲ್ಲಿ 1.09 ಕೋಟಿ. ಕೊರೊನಾ ಕಾಲದ 2021ರಲ್ಲಿ 15 ಲಕ್ಷ. 2023ರಲ್ಲಿ 95 ಲಕ್ಷ, 2024ರಲ್ಲಿ 99.5 ಲಕ್ಷ. ಐದು ವರ್ಷ ಕಳೆದರೂ ಹಳೆಯ ಗುರುತು ಮುಟ್ಟಲಿಲ್ಲ. ಅದೇ ಮೃದುವಾದ ಅಂಕಿ, ಅಂದರೆ ದೇಶೀಯ ಭೇಟಿ, 2019ರ 232 ಕೋಟಿಯನ್ನು 2023ರಲ್ಲೇ ದಾಟಿತು. ಯಾವುದು ಫಲಕಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರುತ್ತದೆಂದು ನಿಮಗೆ ಗೊತ್ತೇ ಇದೆ. ಹಣದ ವಿಷಯವೂ ಹೀಗೆಯೇ. ವಿದೇಶಿ ಪ್ರವಾಸಿಗರಿಂದ ಬಂದ ಗಳಿಕೆ 2019ರಲ್ಲಿ 2.11 ಲಕ್ಷ ಕೋಟಿ ರೂಪಾಯಿ, 2023ರಲ್ಲಿ 2.31 ಲಕ್ಷ ಕೋಟಿ. ದಾಖಲೆ ಎನ್ನಬಹುದು. ಡಾಲರಿನಲ್ಲಿ ಲೆಕ್ಕ ಹಾಕಿದರೆ 3,000 ಕೋಟಿಯಿಂದ 2,800 ಕೋಟಿಗೆ ಇಳಿದಿದೆ. ಏರಿದ್ದು ಪ್ರವಾಸೋದ್ಯಮವಲ್ಲ, ಡಾಲರಿನ ಬೆಲೆ.

ಥಾಯ್ಲೆಂಡ್ ಬಗ್ಗೆ ಕೇಳಿದ್ದೀರಿ. ನಿಜ. 2023ರಲ್ಲಿ ಅಲ್ಲಿಗೆ 2.8 ಕೋಟಿ ಜನ ಬಂದರು. ಅದರಲ್ಲಿ 46 ಲಕ್ಷದಷ್ಟು ಪಕ್ಕದ ಮಲೇಷ್ಯಾದವರು, ಗಡಿ ದಾಟಿ ವಾರಾಂತ್ಯ ಕಳೆದು ಹೋಗುವವರೂ ಅವರಲ್ಲಿದ್ದಾರೆ. ಹದಿನಾರು ಲಕ್ಷ ನಮ್ಮವರೇ. ಗಡಿಗಳ ಮಹಿಮೆ ದೊಡ್ಡದು: ಚೀನಾ 2019ರಲ್ಲಿ 14.5 ಕೋಟಿ ಒಳಬರುವ ಪ್ರವಾಸಿಗರನ್ನು ತೋರಿಸಿತು, ಆದರೆ ಅವರಲ್ಲಿ ವಿದೇಶಿಯರು 3.2 ಕೋಟಿ ಮಾತ್ರ, ಮಿಕ್ಕವರು ಹಾಂಗ್‌ಕಾಂಗ್, ಮಕಾವು, ತೈವಾನಿನವರು. ನಮಗೋ ಒಂದು ಕಡೆ ಹಿಮಾಲಯ, ಮೂರು ಕಡೆ ಸಮುದ್ರ, ಪಶ್ಚಿಮದ ಗಡಿ ಬಹುತೇಕ ಮುಚ್ಚಿದ ಬಾಗಿಲು. ಇಷ್ಟೆಲ್ಲ ರಿಯಾಯಿತಿ ಕೊಟ್ಟ ಮೇಲೂ ಥಾಯ್ಲೆಂಡ್ ನಮಗಿಂತ ಮುಂದೆಯೇ ಇದೆ. ಶುಚಿಯಾದ ಬೀದಿ ಊಟ, ಒಂಟಿ ಹೆಣ್ಣು ರಾತ್ರಿ ಹೊತ್ತು ಅಳುಕದೆ ನಡೆಯಬಹುದಾದ ಬೀದಿ, ಎಲ್ಲರ ಕೈಗೆಟಕುವ ಕೋಣೆ. ಇವಕ್ಕೆ ಭೂಗೋಳವನ್ನು ದೂರುವಂತಿಲ್ಲ.

ಕಡೆಯದಾಗಿ, ಇಂಥ ಅಂಕಿಗಳನ್ನು ಅಚ್ಚು ಹಾಕಬೇಡಿ ಎಂಬ ನಿಮ್ಮ ಸಲಹೆ. ಅದನ್ನು ಪೂರ್ತಿ ಒಪ್ಪಲಾರೆ. ಸರ್ಕಾರ ಈ ಅಂಕಿಗಳನ್ನು ಮುಂದಿಟ್ಟುಕೊಂಡು ದುಡ್ಡು ಹಂಚುತ್ತದೆ, ರಸ್ತೆ ಅಗಲ ಮಾಡುತ್ತದೆ, ಬೆಟ್ಟ ಅಗೆಯುತ್ತದೆ. ಓದುಗರಿಗೆ ಅವು ಗೊತ್ತಿರಬೇಕು. ಆದರೆ ರಾಜ್ಯಗಳ ಶ್ರೇಯಾಂಕ ಪಟ್ಟಿಯನ್ನು ಇನ್ನು ಈ ಪತ್ರಿಕೆಯಲ್ಲಿ ಹಾಕುವುದಿಲ್ಲ. 2023ರಲ್ಲಿ ಎಲ್ಲ ರಾಜ್ಯಗಳ ವಿದೇಶಿ ಭೇಟಿಗಳನ್ನು ಕೂಡಿಸಿದರೆ 1.92 ಕೋಟಿ, ದೇಶಕ್ಕೆ ಬಂದವರು 95 ಲಕ್ಷ. ಅಂದರೆ ಒಬ್ಬೊಬ್ಬರನ್ನೂ ಸರಾಸರಿ ಎರಡು ರಾಜ್ಯಗಳು ತಮ್ಮವರೆಂದು ಎಣಿಸಿಕೊಂಡಿವೆ. ಎಷ್ಟು ಜನ ಎಂಬುದಕ್ಕಿಂತ ಎಷ್ಟು ರಾತ್ರಿ ಉಳಿದರು, ಎಷ್ಟು ಖರ್ಚು ಮಾಡಿದರು, ಅದರಲ್ಲಿ ಆ ಊರಿನವರ ಕೈಗೆ ಎಷ್ಟು ಬಂತು ಎಂಬುದನ್ನು ಜಿಲ್ಲಾವಾರು ಎಣಿಸಿ ಕೊಡುವ ಇಲಾಖೆ ಸಿಕ್ಕರೆ ಅದರ ಪಟ್ಟಿಗೆ ಮುಖಪುಟವನ್ನೇ ಬಿಟ್ಟುಕೊಡುತ್ತೇನೆ. ಬೇಲೂರಿನಲ್ಲಿ ಬಸ್ಸಿನಿಂದಿಳಿದು ಒಂದು ಗಂಟೆ ಶಿಲಾಬಾಲಿಕೆಯರನ್ನು ನೋಡಿ, ನೀರಿನ ಬಾಟಲಿಯೊಂದನ್ನು ಕೊಂಡು ಹಳೇಬೀಡಿಗೆ ಹೊರಡುವವರಿಂದ ಬೇಲೂರಿಗೆ ಸಿಗುವುದೇನೆಂದು ನಿಮ್ಮ ಜಿಲ್ಲೆಯ ಕೋಣೆ ಬಾಡಿಗೆಯವರನ್ನು, ಹೋಟೆಲಿನವರನ್ನು ಕೇಳಿ ನೀವೇ ಒಂದು ಲೆಕ್ಕ ಬರೆದು ಕಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇನೆ. ಎರಡು ಪುಟ ಮೀರದಿರಲಿ.

— ಸಂಪಾದಕ